ಏಳನೇ ನಿಲ್ದಾಣ, ಮೂರು ಮೆಟ್ಟಿಲು

"ನಾಲ್ಕು ಮೆಟ್ಟಿಲಿತ್ತಮ್ಮ," ಎಂದ ಹಿಂದಿನ ಕೋಣೆಯ ಅತಿಥಿ ಸಿರಿಲ್, ಅಡುಗೆಮನೆಯ ಬಾಗಿಲಲ್ಲೇ ನಿಂತು. "ನೀವು ಮೂರು ಅಂತ ಬರೆದಿದ್ರಿ. ನಮ್ಮವಳು ನಾಲ್ಕನೇದು ನೋಡದೆ ಬಿದ್ದೇ ಹೋಗ್ತಿದ್ಲು."

ನೆವೆಂಕಾ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ತಲೆಯೆತ್ತಿದಳು. ಮೆಟ್ಟಿಲು ಮೂರೇ. ಅವಳೇ ಹೋಗಿ ಎಣಿಸಿ ಬರೆದದ್ದು. ವಯಸ್ಸಾದವರು, ಎಣಿಕೆ ತಪ್ಪಿದೆ ಎಂದುಕೊಂಡು ಸುಮ್ಮನಾಗುವುದರಲ್ಲಿದ್ದಳು. ಅಷ್ಟರಲ್ಲಿ ಅವನು ಬಟ್ಟೆಯಲ್ಲಿ ಸುತ್ತಿದ ಬೋಗುಣಿಯೊಂದನ್ನು ಮೇಜಿನ ಮೇಲಿಟ್ಟ.

"ನಿಮ್ಮ ತಂಗಿ ಕೊಟ್ಟು ಕಳಿಸಿದ್ರು. ಬಿಸಿ ಇರೋವಾಗ್ಲೇ ತಿನ್ನಬೇಕಂತೆ."

"ನನಗೆ ತಂಗಿ ಇಲ್ಲ."

ಒಂಬತ್ತು ವರ್ಷದಿಂದ ಹೇಳಿ ಹೇಳಿ ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಸಿರಿಲ್ ಪೆಚ್ಚಾದ. ಅವಳ ಮುಖ ನೋಡಿದ, ಬೋಗುಣಿ ನೋಡಿದ, ಮತ್ತೆ ಮುಖ ನೋಡಿದ.

"ಹೌದಾ? ಗದ್ದದ ಗುಳಿ ಸಮೇತ ಅಚ್ಚು ಹಾಕಿದ ಹಾಗಿದಾರಲ್ಲ ಅವರು!"

ಅವಳು ಸುತ್ತಿದ ಬಟ್ಟೆ ಬಿಚ್ಚಿದಳು. ಬಿಳಿ ಎನಾಮಲ್ ಬೋಗುಣಿ, ನೀಲಿ ಅಂಚು, ಅಂಚಿನ ಒಂದು ಕಡೆ ಉಗುರಿನಷ್ಟು ಚಕ್ಕೆ ಎದ್ದಿದೆ. ಏಳು ವರ್ಷದವಳಿದ್ದಾಗ ಅದನ್ನು ನೆಲಕ್ಕೆ ಬೀಳಿಸಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದವಳು ಅವಳೇ. ಒಳಗೆ ಶ್ಟ್ರುಕ್ಲಿ, ಹಿಟ್ಟಿನ ತೆಳು ಹಾಳೆಯೊಳಗೆ ಗಿಣ್ಣು ತುಂಬಿ, ಮೇಲೆ ಕೆನೆ ಸುರಿದು, ಅಂಚು ಕಂದುವಷ್ಟು ಬೇಯಿಸಿದ್ದು. ಅಮ್ಮನಂತೆಯೇ ತುಂಡುಗಳನ್ನು ತಟ್ಟೆಯ ಅಂಚಿನಿಂದ ಒತ್ತಿ ಕತ್ತರಿಸಿದ್ದಾಳೆ.

"ನೀವು ಎಷ್ಟನೇ ಸಲಕ್ಕೆ ಇಳಿದಿರಿ?"

"ಏಳನೇ ಸಲಕ್ಕೇ ಅಮ್ಮ. ಬೆರಳು ಮಡಿಸ್ಕೊಂಡು ಎಣಿಸಿದೀನಿ."

ಆ ಹಾಳೆಯ ಬಗ್ಗೆ ನೆವೆಂಕಾಳಿಗೆ ಜಂಬವಿತ್ತು ಎಂದರೆ ತಪ್ಪಲ್ಲ. ಭೂಮಾಪನ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕ್ಷೆಗಳ ಪ್ರತಿ ಮಾಡಿ ನಿವೃತ್ತಳಾದ ಮೇಲೆ, ಝಾಗ್ರೆಬ್ ನೋಡಲು ಬಂದವರಿಗೆ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡತೊಡಗಿದ್ದಳು. ಬಂದವರೆಲ್ಲ ಕೇಳುತ್ತಿದ್ದುದು ಎರಡೇ ಪ್ರಶ್ನೆ: ಎಲ್ಲಿ ಊಟ ಚೆನ್ನಾಗಿರುತ್ತದೆ, ಅಲ್ಲಿಗೆ ಹೋಗುವುದು ಹೇಗೆ? ಒಬ್ಬೊಬ್ಬರಿಗೂ ಒಂದೊಂದು ಹಾಳೆಯನ್ನು ಕೈಯಲ್ಲೇ ಬರೆದು ಕೊಡುತ್ತಿದ್ದಳು. ಬೀದಿಗಳ ಹೆಸರು ಹೊರಗಿನವರ ನಾಲಿಗೆಯಲ್ಲಿ ಹೊರಳುವುದಿಲ್ಲವೆಂದು ಹಾಕುತ್ತಿರಲಿಲ್ಲ. ಊಟದ ಮನೆಯ ಹೆಸರೂ ಇಲ್ಲ. ಮಾಲೀಕರು ಬದಲಾದಂತೆ ಬೋರ್ಡು ಬದಲಾಗುತ್ತಿತ್ತು, ಮೆಟ್ಟಿಲು ಬದಲಾಗುತ್ತಿರಲಿಲ್ಲ. 'ಮನೆಯ ಮುಂದೆ ಹನ್ನೊಂದನೇ ನಂಬರಿನ ಟ್ರಾಮ್ ಹತ್ತಿ. ದಾರಿಯಲ್ಲಿ ಬಾಗಿಲು ತೆರೆದದ್ದನ್ನು ಎಣಿಸಿ. ಏಳನೇ ಸಲ ತೆರೆದಾಗ ಇಳಿಯಿರಿ. ರಸ್ತೆ ದಾಟಿ ಮೂರು ಮೆಟ್ಟಿಲು ಕೆಳಗೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಆಮೇಲೆ ಏನೂ ಉಳಿದಿರುವುದಿಲ್ಲ.' ಕೈಯಲ್ಲಿ ಫೋನಿದ್ದವರೂ ಆ ಹಾಳೆ ಹಿಡಿದೇ ಹೊರಡುತ್ತಿದ್ದರು. ಆರು ವರ್ಷದಲ್ಲಿ ಒಬ್ಬರೂ ದಾರಿ ತಪ್ಪಿದ್ದಿಲ್ಲ.

ತಂಗಿ ಬಿಸೆರ್ಕಾಳ ಊಟದ ಮನೆ ಇದ್ದದ್ದು ಎಂಟನೇ ನಿಲ್ದಾಣದಲ್ಲಿ. ಹಾಗಾಗಿ ನೆವೆಂಕಾಳ ಹಾಳೆಯಲ್ಲಿ ಊರು ಏಳಕ್ಕೇ ಮುಗಿದುಹೋಗುತ್ತಿತ್ತು.

"ಏನಂದಳು ಅವಳು?" ಬೇಡ ಬೇಡವೆಂದುಕೊಂಡೇ ಕೇಳಿದಳು.

ಸಿರಿಲ್‌ಗೆ ಹೇಳುವುದೋ ಬೇಡವೋ ಎಂಬ ಅನುಮಾನ. "ನಮ್ಮ ಕೈಲಿದ್ದ ಹಾಳೆ ನೋಡಿ ನಕ್ರು. ಮೂರು ವಾರದಿಂದ ಹಿಂಗೇ ಬರ್ತಾ ಇದಾರಂತೆ, ಎಲ್ಲಾರ ಕೈಲೂ ನಿಮ್ಮ ಅಕ್ಷರ. ಮೊದಲನೇ ದಿನ ಏನೋ ತಪ್ಪಾಗಿರ್ಬೇಕು ಅಂದ್ಕೊಂಡ್ರಂತೆ. ಆಮೇಲೆ, 'ನಮ್ಮಕ್ಕ ತಪ್ಪು ಮಾಡೋಳಲ್ಲ, ಬೇಕು ಅಂತಾನೇ ಕಳಿಸ್ತಾ ಇದಾಳೆ' ಅಂದ್ರು. ಹೇಳ್ತಾ ಕಣ್ಣಲ್ಲಿ ನೀರು ತಂದ್ಕೊಂಡ್ರಮ್ಮ. ನನಗೆ ಏನು ಹೇಳ್ಬೇಕೋ ತಿಳೀಲಿಲ್ಲ. ಅದಕ್ಕೇ ಇನ್ನೊಂದು ತಟ್ಟೆ ಬೀನ್ಸ್ ಹಾಕಿಸ್ಕೊಂಡೆ."

ಅವನು ಹೋದ ಮೇಲೆ ನೆವೆಂಕಾ ಕುರ್ಚಿ ಎಳೆದುಕೊಂಡು ಕುಳಿತಳು. ತಾನು ಯಾರನ್ನೂ ಕಳಿಸಿಲ್ಲ. ಹಾಗಾದರೆ ಕಳಿಸಿದವರು ಯಾರು? ಬಿಸೆರ್ಕಾ ಅಂಗಡಿಯನ್ನೇ ಈಚೆಗೆ ತಂದಳೇ? ಏಳನೇ ನಿಲ್ದಾಣದ ಊಟದ ಮನೆಯನ್ನು ಕೊಂಡುಕೊಂಡಳೇ? ಕೊಂಡರೂ ಮೆಟ್ಟಿಲು ನಾಲ್ಕಾಗುವುದು ಹೇಗೆ? ಅಥವಾ ಇದೆಲ್ಲ ಅವಳ ಅಣಕವೇ? ಅಣಕಿಸುವವಳು ಅಮ್ಮನ ಬೋಗುಣಿ ಕಳಿಸುತ್ತಾಳೆಯೇ? ಎತ್ತ ಯೋಚಿಸಿದರೂ ತಲೆಬುಡ ತಿಳಿಯಲಿಲ್ಲ. ಗೋಡೆಯಾಚೆಯ ಶ್ಟೆಫಿತ್ಸಾಳನ್ನು ಕರೆದು ಕೇಳಿದಳು.

"ನನ್ನ ಅತಿಥಿಗಳಿಗೆ ನೀನೇನಾದ್ರೂ ದಾರಿ ಹೇಳಿದ್ಯಾ?"

"ನಿನ್ನ ಹಾಳೆ ಇರೋವಾಗ ನಾನು ಬಾಯಿ ಬಿಡೋದಾ? ದೇವರೇ ಬಂದ್ರೂ ನಿನ್ನ ಹತ್ರ ದಾರಿ ಕೇಳ್ಕೊಂಡು ಹೋಗ್ಬೇಕು," ಎಂದಳು ಶ್ಟೆಫಿತ್ಸಾ. ಮೇಜಿನ ಮೇಲಿನ ಬೋಗುಣಿ ಕಂಡದ್ದೇ ಅವಳ ದನಿ ಇಳಿಯಿತು. "ಬಿಸೆರ್ಕಾಳದಾ? ಬಾಯಿ ಮುಚ್ಕೊಂಡು ತಿನ್ನು. ಆವತ್ತು ನೀನಾಡಿದ ಮಾತು ನಾನೂ ಕೇಳಿಸ್ಕೊಂಡಿದೀನಿ."

ಆವತ್ತು ಎಂದರೆ ಅಮ್ಮನನ್ನು ಮಣ್ಣು ಮಾಡಿ ಬಂದು ಊಟಕ್ಕೆ ಕುಳಿತಿದ್ದ ದಿನ. ಅಮ್ಮ ಹೋದದ್ದು ಒಂದು ಗುರುವಾರ, ಹನ್ನೊಂದೂಕಾಲಿಗೆ. ಊರಿಗೆ ಊರೇ ಗಾಬ್ಲೆತ್ಸ್ ಎಂಬ ಕೆಲಸದ ನಡುವಿನ ಬಿಸಿಯೂಟಕ್ಕೆ ಸಾಲು ನಿಲ್ಲುವ ಹೊತ್ತು ಅದು. ನೆವೆಂಕಾ ಆಸ್ಪತ್ರೆಯಿಂದ ಎರಡು ಸಲ ಫೋನು ಮಾಡಿದ್ದಳು. ಸಾಲು ಕರಗಿದ ಕೂಡಲೇ ಓಡಿಬರುತ್ತೇನೆ ಎಂದಿದ್ದ ಬಿಸೆರ್ಕಾ ಬಂದಾಗ ಹನ್ನೆರಡಾಗಿತ್ತು, ಏಪ್ರನ್ ಬಿಚ್ಚಿರಲಿಲ್ಲ. ಮೂರು ದಿನದ ಮೇಲೆ, ನೆಂಟರೆಲ್ಲ ಕುಳಿತ ಮೇಜಿನಲ್ಲಿ, ಸೂಪು ಬಡಿಸಲು ಎದ್ದ ತಂಗಿಗೆ ನೆವೆಂಕಾ ಹೇಳಿದ್ದಳು: "ನೀನು ಕೂತ್ಕೋ ಮಾರಾಯ್ತಿ. ಅಮ್ಮ ಸಾಯೋವಾಗಲೂ ಬಡಿಸ್ತಾ ಇದ್ಯಲ್ಲ, ಇನ್ನೂ ಸಾಕಾಗ್ಲಿಲ್ವಾ?" ಬಿಸೆರ್ಕಾ ಸೌಟು ಕೆಳಗಿಟ್ಟು, ಕೋಟು ತೆಗೆದುಕೊಂಡು ಹೊರಟುಹೋಗಿದ್ದಳು. ಆ ಮಾತು ಅನ್ಯಾಯದ್ದೆಂದು ನೆವೆಂಕಾಳಿಗೆ ಆಡುತ್ತಿರುವಾಗಲೇ ಗೊತ್ತಿತ್ತು. ಗೊತ್ತಿದ್ದೇ ಆಡಿದ್ದರಿಂದ ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವಳಿಗೆ ತಿಳಿಯಲಿಲ್ಲ.

ಬೋಗುಣಿ ಬಂದ ಮಾರನೆಯ ದಿನ, ಶುಕ್ರವಾರ, ಅವಳೇ ಹನ್ನೊಂದನೇ ನಂಬರಿನ ಟ್ರಾಮ್ ಹತ್ತಿದಳು. ಕಿಟಕಿಯ ಪಕ್ಕ ಕುಳಿತು, ಹಾಳೆಯಲ್ಲಿ ಬರೆದಂತೆಯೇ, ಬಾಗಿಲು ತೆರೆದಾಗಲೆಲ್ಲ ಒಂದೊಂದು ಬೆರಳು ಮಡಿಸಿದಳು. ಒಂದು. ಎರಡು. ಆಮೇಲೆ ಟ್ರಾಮ್ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಕಿಟಕಿಯಾಚೆ ಕೆಂಪು ಬಿಳಿ ಪಟ್ಟಿ ಸುತ್ತಿದ ಕಂಬಗಳು, ಅಗೆದು ಹಾಕಿದ ಕಲ್ಲು, ಬ್ರೆಡ್ ತಿನ್ನುತ್ತ ಕುಳಿತ ಇಬ್ಬರು ಕೆಲಸಗಾರರು ಹಿಂದಕ್ಕೆ ಸರಿದರು. ಒಂದು ಫಲಕ ತೂಗುತ್ತಿತ್ತು: ಕಾಮಗಾರಿಗಾಗಿ ನಿಲುಗಡೆ ಇಲ್ಲ, ಸೋಮವಾರದಿಂದ ಎಂದಿನಂತೆ.

ಮೂರನೇ ಸಲ ಬಾಗಿಲು ತೆರೆದದ್ದು ನಾಲ್ಕನೇ ನಿಲ್ದಾಣದಲ್ಲಿ.

ನೆವೆಂಕಾಳಿಗೆ ಮೊದಲು ಬಂದದ್ದು ನಗು. ಮಡಿಸಿದ ಬೆರಳುಗಳನ್ನು ಮತ್ತೊಮ್ಮೆ ಎಣಿಸಿದಳು. ಅಂದರೆ ಇಷ್ಟೇ: ಒಂದು ನಿಲ್ದಾಣ ಮುಚ್ಚಿದೆ, ಏಳನೇ ಸಲಕ್ಕೆ ಇಳಿದವರು ಎಂಟನೇ ನಿಲ್ದಾಣದಲ್ಲಿರುತ್ತಾರೆ. ಬಿಸೆರ್ಕಾ ಕಣ್ಣೀರು ಹಾಕಿದ್ದು ಅಗೆದ ಕಲ್ಲಿಗೆ. ಅಕ್ಕನ ಮನಸ್ಸು ಕರಗಿತು ಎಂದು ಅವಳು ಮೂರು ವಾರದಿಂದ ನಂಬಿಕೊಂಡಿದ್ದಾಳೆ, ಅಕ್ಕನಿಗೆ ವಿಷಯವೇ ಗೊತ್ತಿಲ್ಲ. ಇಳಿದು ವಾಪಸು ಹೋಗಿಬಿಡಲೇ ಎಂದುಕೊಳ್ಳುತ್ತಿರುವಾಗಲೇ ಬಾಗಿಲು ಏಳನೇ ಸಲ ತೆರೆಯಿತು. ಕಾಲು ತಾನಾಗಿಯೇ ಇಳಿಯಿತು.

ನಾಲ್ಕು ಮೆಟ್ಟಿಲು. ಬಾಗಿಲಿನ ಹಲಗೆಯಲ್ಲಿ ಸೀಮೆಸುಣ್ಣದಿಂದ 'ಶುಕ್ರವಾರ: ಉಪ್ಪುಮೀನು, ಆಲೂಗಡ್ಡೆ' ಎಂದು ಬರೆದಿತ್ತು. ಪಾದಚಾರಿ ದಾರಿಯ ಮಟ್ಟಕ್ಕಿದ್ದ ಕಿಟಕಿಯಲ್ಲಿ ಬಗ್ಗಿ ನೋಡಿದರೆ ಒಳಗಿನವರ ನೆತ್ತಿಗಳು ಕಾಣುತ್ತಿದ್ದವು. ಅದರಲ್ಲೊಂದು ಬಿಳಿ ವಸ್ತ್ರ ಕಟ್ಟಿದ ತಲೆ. ಅಂಚಿನಲ್ಲಿ ಇಣುಕಿದ ಕೂದಲು ಪೂರ್ತಿ ನರೆತಿತ್ತು. ಅದು ಯಾವಾಗ ನರೆಯಿತೋ! ಸೌಟು ಎತ್ತುವಾಗ ಮೊಣಕೈ ಹೊರಕ್ಕೆ ಚಾಚುವ ರೀತಿ ಮಾತ್ರ ಹಾಗೇ ಇತ್ತು. ಅವಳ ಬೆನ್ನ ಹಿಂದಿನ ಗೋಡೆಯ ಮೇಲೆ ಹಾಳೆಗಳನ್ನು ಸಾಲಾಗಿ ಅಂಟಿಸಿತ್ತು. ಒಂದು, ಎರಡು, ಒಟ್ಟು ಆರು. ತನ್ನ ಅಕ್ಷರಗಳನ್ನು ನೆವೆಂಕಾ ಅಷ್ಟು ದೂರದಿಂದಲೂ ಗುರುತಿಸಿದಳು.

ಒಳಗೆ ಹೋಗಿ ಏನು ಹೇಳುವುದು? ನಾನು ಕಳಿಸಲಿಲ್ಲ, ಅದು ರಿಪೇರಿಯ ಕೆಲಸ ಎನ್ನುವುದೇ? ಹಾಗೆಂದರೆ ಆ ಆರೂ ಹಾಳೆಗಳನ್ನು ತಾನೇ ಕಿತ್ತ ಹಾಗೆ. ಏನೂ ಹೇಳದೆ ಕುಳಿತು ಉಂಡುಬಂದರೆ ಅದು ಸುಳ್ಳು. ಒಂಬತ್ತು ವರ್ಷದ ಮೇಲೆ ಆಡುವ ಮೊದಲ ಮಾತು ಸುಳ್ಳಾದರೆ ಹೇಗೆ?

"ಅಕ್ಕಾ, ಇಳೀತೀರೋ, ದಾರಿ ಬಿಡ್ತೀರೋ?" ಎಂದ ಹಿಂದೆ ನಿಂತಿದ್ದ ಬಣ್ಣದ ಕೆಲಸದವನು. "ಮೀನು ಖಾಲಿ ಆದ್ರೆ ನಿಮ್ಮನ್ನೇ ಹುರ್ಕೊಂಡು ತಿನ್ಬೇಕಾಗುತ್ತೆ."

ಅವಳು ದಾರಿ ಬಿಟ್ಟಳು. ರಸ್ತೆ ದಾಟಿ ಎದುರು ದಿಕ್ಕಿನ ಟ್ರಾಮ್ ಹತ್ತಿಬಿಟ್ಟಳು.

ಶನಿವಾರ ಸಿರಿಲ್ ದಂಪತಿ ಹೊರಟರು. "ಆ ಮೆಟ್ಟಿಲು ಸರಿ ಮಾಡಿ ಬರೀರಮ್ಮ, ಇನ್ಯಾರಾದ್ರೂ ಬಿದ್ದಾರು," ಎಂದು ಬಾಗಿಲಲ್ಲಿ ಮತ್ತೊಮ್ಮೆ ನೆನಪಿಸಿದ ಸಿರಿಲ್. ಬೋಗುಣಿ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿತ್ತು. ಅಮ್ಮನ ಮನೆಯಲ್ಲಿ ಯಾರೂ ಪಾತ್ರೆಯನ್ನು ಖಾಲಿ ವಾಪಸು ಕೊಟ್ಟವರಲ್ಲ. ಭಾನುವಾರವಿಡೀ ನೆವೆಂಕಾ ಅದರ ಸುತ್ತ ಸುಳಿದಾಡಿದಳು. ಸಂಜೆ ಸೇಬು ತುರಿಯಲು ಕುಳಿತಳು. ತುರಿದ ಸೇಬಿಗೆ ದಾಲ್ಚಿನ್ನಿ ಬೆರೆಸಿ, ಆ ಬೋಗುಣಿಯಲ್ಲೇ ಹಿಟ್ಟಿನ ಎರಡು ಪದರದ ನಡುವೆ ಹರಡಿ ಒಲೆಗಿಟ್ಟು, ಅದು ಬೇಯುವಷ್ಟರಲ್ಲಿ ಹೊಸ ಹಾಳೆ ತೆಗೆದಳು.

'ಮನೆಯ ಮುಂದೆ ಹನ್ನೊಂದನೇ ನಂಬರಿನ ಟ್ರಾಮ್ ಹತ್ತಿ. ದಾರಿಯಲ್ಲಿ ಬಾಗಿಲು ತೆರೆದದ್ದನ್ನು ಎಣಿಸಿ.' ಇಲ್ಲಿಗೆ ಬಂದು ಪೆನ್ನು ನಿಂತಿತು. ನಾಳೆಯಿಂದ ಮೂರನೇ ನಿಲ್ದಾಣ ತೆರೆಯುತ್ತದೆ. ಏಳು ಎಂದು ಬರೆದರೆ ಸಾಕು, ಎಲ್ಲರೂ ಹಳೆಯ ಮೂರು ಮೆಟ್ಟಿಲಿಗೇ ಹೋಗುತ್ತಾರೆ. ಏನೂ ಆಗಲೇ ಇಲ್ಲವೆಂಬಂತೆ. ಬಿಸೆರ್ಕಾ ಒಂದೆರಡು ವಾರ ಬಾಗಿಲು ನೋಡುತ್ತಾಳೆ. ಆಮೇಲೆ ಆ ಹಾಳೆಗಳನ್ನು ಕೀಳುತ್ತಾಳೆ.

'ಎಂಟನೇ ಸಲ ತೆರೆದಾಗ ಇಳಿಯಿರಿ,' ಎಂದು ಬರೆದಳು. 'ರಸ್ತೆ ದಾಟಿ ನಾಲ್ಕು ಮೆಟ್ಟಿಲು ಕೆಳಗೆ.' ಬಿಸೆರ್ಕಾ ಹೆಡ್ಡಿಯಲ್ಲ. ಗೋಡೆಯ ಮೇಲಿನ ಏಳರ ಪಕ್ಕ ಈ ಎಂಟನ್ನು ಹಿಡಿದರೆ ಅವಳಿಗೆ ಎಲ್ಲ ತಿಳಿಯುತ್ತದೆ: ಮೊದಲು ನಡೆದದ್ದೇನು, ಈಗ ನಡೆಯುತ್ತಿರುವುದೇನು. ತಿಳಿದ ಮೇಲೆ ಬಾಗಿಲು ತೋರಿಸುತ್ತಾಳೋ, ಕುರ್ಚಿ ತೋರಿಸುತ್ತಾಳೋ, ನೆವೆಂಕಾಳಿಗೆ ಗೊತ್ತಾಗಲಿಲ್ಲ.

ಸೋಮವಾರ ಹತ್ತೂವರೆಗೆ ಅವಳು ಟ್ರಾಮಿನ ಕಿಟಕಿಯ ಪಕ್ಕ ಕುಳಿತಿದ್ದಳು. ತೊಡೆಯ ಮೇಲೆ, ಬೆಳಿಗ್ಗೆ ಮತ್ತೆ ಬೆಚ್ಚಗೆ ಮಾಡಿ ತಂದ ಬೋಗುಣಿ. ಹುಟ್ಟಿದೂರಿನಲ್ಲಿ ಹೊಸಬರಂತೆ, ಕೈಯಲ್ಲಿ ತನ್ನದೇ ಹಾಳೆ. ಒಂದು ಬೆರಳು ಮಡಿಸಿದಳು. ಇನ್ನೊಂದು ಮಡಿಸಿದಳು. ಮೂರನೇ ನಿಲ್ದಾಣದಲ್ಲಿ ಕಂಬಗಳು ಹೋಗಿದ್ದವು, ಹೊಸ ಕಲ್ಲು ತೊಳೆದಂತೆ ಹೊಳೆಯುತ್ತಿತ್ತು. ಟ್ರಾಮ್ ನಿಂತಿತು, ಬಾಗಿಲು ತೆರೆಯಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ.

"ಮೂರು," ಎಂದಳು ನೆವೆಂಕಾ, ಪಕ್ಕದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.