ಬೀರು ಟೀಚರ್

"ಓರೆ ಮಾಡು, ಇನ್ನೂ ಸ್ವಲ್ಪ ಓರೆ! ಗೇಟಿಗೆ ತಾಗ್ತಾ ಇದೆ," ಎಂದು ಕೂಗಾಡುತ್ತ ಇಬ್ಬರು ಆಳುಗಳು ಕಬ್ಬಿಣದ ಬೀರುವೊಂದನ್ನು ಮನೆಯೊಳಗೆ ನೂಕುತ್ತಿದ್ದರು. ಅದೇ ಗೇಟಿನಿಂದ ಹೂವು ಹಿಡಿದು ಬರುತ್ತಿದ್ದವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಕ್ಕ ಮಲಗಿದ್ದಳು. ನಿನ್ನೆ ಸಂಜೆ ಶಾಲೆಯಿಂದ ಬಂದು, ಚಪ್ಪಲಿ ಬಿಟ್ಟು, ಉಸ್ಸಪ್ಪಾ ಎಂದು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ.

ಸದ್ದು ಕೇಳಿ ತಂಗಿ ಹೊರಗೆ ಬಂದಳು.

"ಯಾರು ಕಳಿಸಿದ್ದು ಇದನ್ನ?"

"ಶಾಲೆ ಹೆಡ್‌ಮಾಸ್ಟ್ರು, ಅಮ್ಮ," ಎಂದ ಪಿಕಪ್ ಗಾಡಿಯ ಡ್ರೈವರ್. ಗಾಜಿನ ಪೆಟ್ಟಿಗೆ ಕಣ್ಣಿಗೆ ಬಿದ್ದದ್ದೇ ಅವನ ದನಿ ತಗ್ಗಿತು. "ನಾಳೆ ಸಾಹೇಬ್ರು ಬಂದು ಹೊಸ ಇಂಗ್ಲಿಷ್ ಲ್ಯಾಬ್ ಉದ್ಘಾಟನೆ ಮಾಡ್ತಾರಂತೆ. ಇದು ಟೀಚರಮ್ಮನ ಸ್ವಂತದ್ದು, ಇವತ್ತೇ ಮನೆಗೆ ಮುಟ್ಟಿಸಿ ಬಾ ಅಂದ್ರು. ಇಲ್ಲಿ ಹೀಗಾಗಿದೆ ಅಂತ ನನ್ನಾಣೆಗೂ ಹೇಳಲಿಲ್ಲ."

ಹೆಡ್‌ಮಾಸ್ಟರ್ ಹೇಳಿದ್ದೂ ತಪ್ಪೇ. ಬೀರು ಅಕ್ಕನದಲ್ಲ, ತಂಗಿಯದು. ಹೊಲಿಗೆ ಕೆಲಸದವಳಾದ ತಂಗಿ, ಹೊಲಿದಿಟ್ಟ ಬಟ್ಟೆಯನ್ನು ಗಿರಾಕಿಗಳು ಬರುವ ತನಕ ಅದರಲ್ಲಿ ಇಡುತ್ತಿದ್ದಳು. ಅಕ್ಕ ಅದನ್ನು 'ಒಂದೇ ಒಂದು ವಾರಕ್ಕೆ' ಎಂದು ಶಾಲೆಗೆ ಹೊರಿಸಿಕೊಂಡು ಹೋಗಿ ವರ್ಷಗಳೇ ಕಳೆದಿದ್ದವು. ಅಂದಿನಿಂದ ಗಿರಾಕಿಗಳ ಬಟ್ಟೆ ಮಂಚದ ಮೇಲೆ, ತಂಗಿ ಚಾಪೆಯ ಮೇಲೆ. ನನ್ನ ಬೀರು ಯಾವಾಗ ತಂದುಕೊಡ್ತೀಯೇ ಎಂದು ಅವಳು ಕೇಳದ ದಿನವಿಲ್ಲ, ನಾಳೆ ಕಣೆ ಎಂದು ಅಕ್ಕ ನಗದ ದಿನವಿಲ್ಲ. ಈಗ ಬೀರು ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿತ್ತು. ತಂಗಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

"ಎಲ್ಲಿ ಇಡಲಿ ಅಮ್ಮ?" ಎಂದ ಡ್ರೈವರ್.



*

ಅಕ್ಕನ ತರಗತಿಯಲ್ಲಿ ಆರೇಳು ಮನೆಮಾತಿನ ಮಕ್ಕಳಿದ್ದರು. ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲಿ. ಬಾಯಿ ಬಿಟ್ಟರೆ ಪಕ್ಕದವರು ಕಿಸಕ್ಕನೆ ನಗುತ್ತಾರೆಂದು ಅರ್ಧಕ್ಕರ್ಧ ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರು. ಅಕ್ಕ ಪರಿಚಯದವರನ್ನೆಲ್ಲ ಕಾಡಿ ಬೇಡಿ ಹಳೆಯ ಮೊಬೈಲುಗಳನ್ನು ಒಟ್ಟುಮಾಡಿದಳು. ಮಗು ತನ್ನ ಮನೆಮಾತಿನಲ್ಲಿ ಹೇಳಿದ್ದನ್ನು ಫೋನು ಇಂಗ್ಲಿಷಿನಲ್ಲಿ ಹೇಳಿ ತೋರಿಸುತ್ತಿತ್ತು. ಅದನ್ನು ಕೇಳಿಸಿಕೊಂಡು ಮಗು ತನ್ನದೇ ದನಿಯಲ್ಲಿ ಹೇಳಿ ರೆಕಾರ್ಡ್ ಮಾಡಬೇಕು.

"ಸರಿಬರಲಿಲ್ಲ ಅಂದ್ರೆ ತಾನೇ ಅಳಿಸಿ ಮತ್ತೆ ಹೇಳಲಿ. ಎಷ್ಟು ಸಲ ಬೇಕಾದ್ರೂ," ಎಂದಿದ್ದಳು ಅಕ್ಕ. "ಫೋನು ನಗಲ್ಲ ಕಣೆ. ಅದಕ್ಕೆ ಬೇಸರಾನೂ ಇಲ್ಲ."

"ಫೋನು ನಗಲ್ಲ, ಸುತ್ತ ಕೂತ ಕೋತಿಗಳು ನಗ್ತಾವಲ್ಲ?"

"ಅದಕ್ಕೇ ನಿನ್ನ ಬೀರು ಬೇಕು."

ತಂಗಿ ಬೈಯುತ್ತಲೇ ಹಳೆಯ ರಜಾಯಿಗಳನ್ನು ಕತ್ತರಿಸಿ ಬೀರುವಿನ ಒಳಗೋಡೆಗೆಲ್ಲ ಮೆತ್ತೆ ಹೊಲಿದುಕೊಟ್ಟಳು. ಬೀದಿಯ ವೆಲ್ಡಿಂಗ್ ಅಂಗಡಿಯವನು ಗಾಳಿಯಾಡಲು ತೂತು ಕೊರೆದು, ಹೊರಗಿನ ಬೀಗ ಕಿತ್ತುಹಾಕಿ, ಒಳಗಡೆ ಚಿಲಕ ಕೂರಿಸಿದ. ಒಳಗೊಂದು ಪುಟ್ಟ ಸ್ಟೂಲು. ಮಗುವಿನ ಬಾಯಿಯ ಎತ್ತರಕ್ಕೆ ಎಲಾಸ್ಟಿಕ್ಕಿನಲ್ಲಿ ತೂಗುವ ಫೋನು. ಚಿಲಕ ಬಿದ್ದರೆ ಹೊರಗಿರುವವರು ಯಾರೂ ಉಸಿರೆತ್ತಬಾರದು, ಹೆಡ್‌ಮಾಸ್ಟರೇ ಬಂದರೂ ಸರಿ. ಅಕ್ಕನ ತರಗತಿಗೆ ಇದ್ದದ್ದು ಇದೊಂದೇ ಕಾನೂನು. ಶಾಲೆಯವರು ಮೂಗು ಮುರಿದು 'ಬೀರು ಟೀಚರ್' ಎಂದು ಹೆಸರಿಟ್ಟರು. ಅಕ್ಕ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ಓಡಾಡಿದಳು.

*

"ಗುಜರಿಯವನಿಗೆ ಹಾಕಿಬಿಡಮ್ಮ," ಎಂದರು ಮಗ್ಗುಲ ಮನೆಯ ಅಜ್ಜ. "ಸತ್ತವಳ ನೆನಪು ಕಣ್ಣೆದುರಿಗಿದ್ರೆ ನೀನೂ ಸೊರಗಿಹೋಗ್ತೀಯ."

"ಕಬ್ಬಿಣ ಗಟ್ಟಿಯಾಗಿದೆ, ನಿಮ್ಮ ಬಟ್ಟೆಗೇ ಆಗುತ್ತಲ್ಲ," ಎಂದರು ಡ್ರಾಯಿಂಗ್ ಮೇಷ್ಟ್ರು. ಶಾಲೆಯಿಂದ ಬೆಳಿಗ್ಗೆಯೇ ಬಂದವರು ಅವರೊಬ್ಬರೇ. "ಹೊಸ ಲ್ಯಾಬಿನ ಜೊತೆ ಇದು ನಿಲ್ಲಲ್ಲ ಬಿಡಿ. ನಾಳೆಯಿಂದ ಎಲ್ಲರಿಗೂ ಅಂಕ ಕೊಡೋ ಆ್ಯಪೇ."

ಅಷ್ಟು ಹೊತ್ತು ಮೂಲೆಯಲ್ಲಿ ಮುದುಡಿ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ದೂರದ ಊರಿನಿಂದ ಗಂಡನ ಕೆಲಸಕ್ಕಾಗಿ ಬಂದ ಸಂಸಾರ. ಮಗಳು ಅಕ್ಕನ ತರಗತಿಯಲ್ಲಿದ್ದಳು. ಅಕ್ಕ ಆ ಹುಡುಗಿಯನ್ನು ಗುಬ್ಬಿ ಎಂದು ಕರೆಯುತ್ತಿದ್ದಳು.

"ಅಮ್ಮ, ಇಂಥ ಹೊತ್ತಲ್ಲಿ ಕೇಳಬಾರದು, ಗೊತ್ತು," ಎಂದಳು. "ಇಲ್ಲಿಗೆ ಬಂದಮೇಲೆ ನನ್ನ ಮಗಳು ಶಾಲೆಯಲ್ಲಿ ಮಾತಾಡಿದ್ದು ಇದರೊಳಗೆ ಮಾತ್ರ. ನಾಳೆಯಿಂದ ಎಲ್ಲಿ ಮಾತಾಡಬೇಕು ಅವಳು?"

ಡ್ರಾಯಿಂಗ್ ಮೇಷ್ಟ್ರು ತಲೆ ಕೆರೆದುಕೊಂಡರು. ತಂಗಿ ಬೀರುವಿನ ಬಾಗಿಲು ತೆರೆದು ನೋಡಿದಳು. ತಾನು ಹೊಲಿದ ಮೆತ್ತೆ ಮಕ್ಕಳ ಭುಜ ತಾಗಿ ತಾಗಿ ಎರಡೂ ಕಡೆ ನುಣ್ಣಗಾಗಿತ್ತು. ಫೋನು ಇನ್ನೂ ಅಲ್ಲೇ ತೂಗುತ್ತಿತ್ತು. ಅದನ್ನು ಬಿಚ್ಚುವಷ್ಟು ವ್ಯವಧಾನವೂ ಶಾಲೆಯವರಿಗಿರಲಿಲ್ಲ. ಆಗ ಅವಳಿಗೆ ಅಳು ಬಂತು. ಅಳುತ್ತಲೇ ಡ್ರೈವರನ್ನು ಕರೆದಳು.

"ಗಾಡಿ ಎಲ್ಲೂ ಹೋಗಬಾರದು. ಇದನ್ನ ತಿರುಗಿ ಏರಿಸಿ."

"ಎಲ್ಲಿಗಮ್ಮ?"

"ಅಕ್ಕನ ಹಿಂದೆ."

*

ಆ ಆ್ಯಪಿನ ಮೇಲೆ ಅಕ್ಕ ಹಲ್ಲು ಕಡಿಯುತ್ತಿದ್ದಳು. ಮಗು ಒಂದು ವಾಕ್ಯ ಹೇಳಿದರೆ ಸಾಕು, ಪರದೆಯ ಮೂಲೆಯಲ್ಲಿ ಕೆಂಪು ಇಲ್ಲವೇ ಹಸಿರು ಅಂಕ. ಅಷ್ಟಕ್ಕೇ ಬಿಡದೆ ಗೋಡೆಯ ದೊಡ್ಡ ಪರದೆಯಲ್ಲಿ ಎಲ್ಲರ ಹೆಸರು ಮೇಲಿಂದ ಕೆಳಗೆ. ಪ್ರಯೋಗ ನೋಡಲೆಂದು ತಂದ ಮೊದಲ ದಿನವೇ ಗುಬ್ಬಿಯ ಹೆಸರು ಕೆಂಪಾಗಿ ಕಟ್ಟಕಡೆಗೆ ಬಿತ್ತು. ತರಗತಿ ಗೊಳ್ಳೆಂದಿತು. ಆಮೇಲೆ ಜಪ್ಪಯ್ಯ ಅಂದರೂ ಹುಡುಗಿ ಬಾಯಿ ತೆರೆಯಲಿಲ್ಲ.

ಅಂದು ಸಂಜೆ ಅಕ್ಕ ತಂಗಿಯ ಚಿಂದಿಬಟ್ಟೆಯ ಬುಟ್ಟಿಗೆ ಕೈಹಾಕಿ ತುಂಡುಗಳನ್ನು ಹೆಕ್ಕಿಕೊಂಡಳು. ಮರುದಿನ ಲ್ಯಾಬಿನ ಎಲ್ಲ ಟ್ಯಾಬುಗಳ ಮೂಲೆಗೂ ಬಟ್ಟೆಯ ತೇಪೆ. ದೊಡ್ಡ ಪರದೆಗೆ ಹಳೆಯ ಬೆಡ್‌ಶೀಟು. ಹೆಡ್‌ಮಾಸ್ಟರ್ ಕರೆಸಿಕೊಂಡರು.

"ಕಂಪನಿಯವರು ಇದನ್ನ ಮಾಡಿರೋದೇ ಅಂಕ ತೋರಿಸೋಕೆ ಮೇಡಂ!"

"ಹೌದು ಸರ್. ಮುಚ್ಚೋದನ್ನ ನನ್ನ ತಂಗಿ ಮಾಡ್ತಾಳೆ."

ಊಟಕ್ಕೆ ಕೂತಾಗ ಅಕ್ಕ ಇದನ್ನು ಅಭಿನಯಿಸಿ ತೋರಿಸಿದಳು. ಕೆಲಸ ಕಳ್ಕೊಂಡು ಮನೆಯಲ್ಲಿ ಕೂರ್ತೀಯ ನೋಡು ಎಂದು ತಂಗಿ ಬೈದಳು. ಬೈದು, ಅಕ್ಕನ ಚೀಲದಲ್ಲಿ ಮಿಕ್ಕಿದ್ದ ತೇಪೆಗಳ ಅಂಚು ಸಿಕ್ಕಾಪಟ್ಟೆ ವಕ್ರವಾಗಿದೆ ಎಂದು ತಾನೇ ಕೂತು ಹೊಸದಾಗಿ ಕತ್ತರಿಸಿ ಅಂಚು ಮಡಿಸಿ ಹೊಲಿದಳು.

*

ಸ್ಮಶಾನಕ್ಕೆ ಹೋಗುವ ಮುನ್ನ ಅಕ್ಕನನ್ನು ಹೊತ್ತ ವ್ಯಾನು ಶಾಲೆಯ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದೆಂದು ಮೊದಲೇ ಮಾತಾಗಿತ್ತು. ಮಕ್ಕಳು ಸಾಲಾಗಿ ನಿಂತಿದ್ದರು. ಹೆಡ್‌ಮಾಸ್ಟರ್ ಮೈಕಿನ ಮುಂದೆ, ಮುಖವನ್ನು ಸಂದರ್ಭಕ್ಕೆ ತಕ್ಕಂತೆ ಮಾಡಿಕೊಂಡು ನಿಂತಿದ್ದರು. ವ್ಯಾನಿನ ಬೆನ್ನಿಗೇ ಪಿಕಪ್ ಗಾಡಿ ಒಳಬಂದು, ಬೀರು ಧಡಾರನೆ ನೆಲಕ್ಕಿಳಿದಾಗ ಅವರ ಮುಖದ ಲೆಕ್ಕ ತಪ್ಪಿತು.

"ಏನಮ್ಮಾ ಇದು? ಅದನ್ನ ಮನೆಗೆ ಕಳಿಸಿದ್ದೆನಲ್ಲ?"

"ಕಳಿಸಿದ್ರಿ. ಹೆಣ ಎತ್ತೋ ಮೊದಲೇ ಕಳಿಸಿದ್ರಿ."

"ನೋಡಿ, ಟೀಚರ್ ಬಗ್ಗೆ ನಮಗೆಲ್ಲ ಅಪಾರ ಗೌರವ..."

"ಗೌರವ ಆಮೇಲೆ ಹೇಳಿ ಸರ್. ಬೀರು ನನ್ನದು. ಬರೀ ನನ್ನದು. ಇಷ್ಟು ವರ್ಷ ಅಕ್ಕ ಎರವಲು ತಂದಿದ್ದಳು, ಇವತ್ತು ನಾನೇ ಕೊಡ್ತಾ ಇದ್ದೀನಿ. ತರಗತಿಯಲ್ಲಿ ಜಾಗ ಇಲ್ಲ ಅಂದ್ರೆ ವರಾಂಡದಲ್ಲಿ ಇಡಿ. ಅಲ್ಲೂ ಇಲ್ಲ ಅಂದ್ರೆ ಗೇಟಿನ ಹೊರಗೆ ರಸ್ತೆಯಲ್ಲಿ ಇಡ್ತೀನಿ, ಪಕ್ಕದಲ್ಲಿ ಮಿಷನ್ ಹಾಕ್ಕೊಂಡು ಹೊಲೀತಾ ಕೂರ್ತೀನಿ. ಯಾರು ಎತ್ತಿಸ್ತಾರೋ ನೋಡೋಣ."

ಹೆಡ್‌ಮಾಸ್ಟರ್ ಸುತ್ತ ನೋಡಿದರು. ಡ್ರಾಯಿಂಗ್ ಮೇಷ್ಟ್ರು ನಿಧಾನವಾಗಿ ಬಂದು ಬೀರುವಿನ ಪಕ್ಕ ನಿಂತರು. ಇಸ್ತ್ರಿಯವಳೂ ಬಂದು ನಿಂತಳು. ಹೆಡ್‌ಮಾಸ್ಟರ್ "ಈಗ ಬೇಡ, ಆಮೇಲೆ ಮಾತಾಡೋಣ," ಎಂದು ಗೊಣಗಿ ಮೈಕಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಸಂತಾಪ ಶುರುಮಾಡಿದರು.

ಒಂದು ವಾಕ್ಯ ಮುಗಿದಿರಬೇಕು. ಸಾಲಿನಿಂದ ಗುಬ್ಬಿ ಹೊರಬಂದಳು. ಯಾರನ್ನೂ ನೋಡದೆ ಅಂಗಳ ದಾಟಿ, ಬೀರುವಿನೊಳಗೆ ಹೋಗಿ ಬಾಗಿಲೆಳೆದುಕೊಂಡಳು. ಚಿಲಕ ಬಿತ್ತು.

ಅಂಗಳ ಗಪ್‌ಚಿಪ್ ಆಯಿತು. ಅಳುತ್ತಿದ್ದ ಮಕ್ಕಳು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಮೈಕಿನಲ್ಲಿ ಹೆಡ್‌ಮಾಸ್ಟರ ಎರಡನೆಯ ವಾಕ್ಯ ಏಳುತ್ತಿದ್ದಂತೆ ಇಡೀ ಶಾಲೆ ಅವರ ಕಡೆ ತಿರುಗಿತು. ಎಲ್ಲರ ತುಟಿಯ ಮೇಲೂ ಒಂದೊಂದು ಬೆರಳು. ಅವರ ಮಾತು ಅಲ್ಲೇ ನಿಂತಿತು. ವ್ಯಾನಿನ ಡ್ರೈವರ್ ಏನೂ ಅರ್ಥವಾಗದಿದ್ದರೂ ಎಂಜಿನ್ ಆರಿಸಿದ. ಹುಡುಗಿ ಒಳಗೆ ಏನು ಹೇಳುತ್ತಿದ್ದಾಳೆಂದು ಹೊರಗೆ ಒಂದಕ್ಷರವೂ ಕೇಳಿಸಲಿಲ್ಲ. ಮೆತ್ತೆಯನ್ನು ತಾನು ಸರಿಯಾಗಿಯೇ ಹೊಲಿದಿದ್ದೇನೆ ಎಂದು ತಂಗಿಗೆ ಅಳುವಿನ ನಡುವೆಯೂ ಹೆಮ್ಮೆಯಾಯಿತು.

ಸ್ವಲ್ಪ ಹೊತ್ತಿಗೆ ಬಾಗಿಲು ಗೇಣಗಲ ತೆರೆದು ಗುಬ್ಬಿಯ ಬೆವೆತ ಮುಖ ಕಾಣಿಸಿತು. ಮುಗಿಯಿತೆಂದುಕೊಂಡು ಹೆಡ್‌ಮಾಸ್ಟರ್ ಗಂಟಲು ಸರಿಪಡಿಸಿಕೊಂಡರು. ಗುಬ್ಬಿ ಅಕ್ಕನಿದ್ದ ವ್ಯಾನಿನ ಕಡೆ ನೋಡಿ, ಸರಿಬರಲಿಲ್ಲ ಎಂದು ತಲೆಯಾಡಿಸಿ, ಮತ್ತೆ ಬಾಗಿಲು ಹಾಕಿಕೊಂಡಳು.

ಹೆಡ್‌ಮಾಸ್ಟರ್ ಮೈಕಿನ ಸ್ವಿಚ್ಚನ್ನು ತಾವೇ ಒತ್ತಿ ಆರಿಸಿ, ಕೈಕಟ್ಟಿ ಕಾಯುತ್ತ ನಿಂತರು.