ಒಂದೇ ಮಾಲು, ಮೂರು ಬೆಲೆ

ನಮ್ಮಪ್ಪ ಕರಿಬಸಯ್ಯನಿಗೆ ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ. ಯಾರನ್ನಾದರೂ ನಂಬಿದರೆ ನಷ್ಟ ಎಂದು ತಿಳಿದ ಮನುಷ್ಯ. ರೇಷ್ಮೆ ತನಗೆ ಗೊತ್ತು ಎಂದು ಬಡಾಯಿ ಕೊಚ್ಚುತ್ತ ಯಾರಾದರೂ ಕಮಿಷನ್ ಕೆಲಸ ಕೇಳಿಕೊಂಡು ಬಂದರೆ, ಹೆಗಲ ಮೇಲಿನ ವಲ್ಲಿಯನ್ನು ಅವರ ಕಣ್ಣಿಗೆ ಕಟ್ಟಿ ಒಂದಾದ ಮೇಲೊಂದು ಮೂರು ಸಲ ಸೀರೆ ಮುಟ್ಟಿಸುತ್ತಾನೆ. "ಇದು ಸಾದಾ, ಇದು ತುಸು ಮೇಲು, ಇದು ಖಾಸಾ ಮಾಲು" ಎಂದು ಅವರು ದೊಡ್ಡ ಪಂಡಿತರ ಹಾಗೆ ಹೇಳುತ್ತಾರೆ. ವಲ್ಲಿ ಬಿಚ್ಚಿದರೆ ಮೂರು ಸಲವೂ ಕೊಟ್ಟಿದ್ದು ಅದೇ ಸೀರೆ. ಈ ಆಟ ನೋಡುತ್ತಲೇ ನಾನು ದೊಡ್ಡವಳಾದೆ. ಹಾಗಾಗಿ ಅಪ್ಪನನ್ನೂ ನಂಬಬಾರದೆಂದು ನನಗೆ ಚೆನ್ನಾಗಿ ಗೊತ್ತು.

ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಭಜನೆ ಮೇಳಗಳ ಹಾಡು ರೆಕಾರ್ಡ್ ಮಾಡಿ ಹದಗೊಳಿಸಿ ಕೊಡುತ್ತೇನೆ. ಹೈದರಾಬಾದಿನ ಒಂದು ಕಂಪನಿ ಕಾಯಂ ಕೆಲಸ ಕೊಡುತ್ತೇವೆ ಎಂದು ನನ್ನಿಂದ ಊಟ್ಕೂರಿನ ಹೆಂಗಸರ ಒಂದು ಭಜನೆ ಹಾಡು ತರಿಸಿಕೊಂಡು, ವಾಪಸ್ ಕಳಿಸಿತು. ಹಾಡಿನ ಹಿಂದೆ ಫ್ಯಾನಿನ ಗುಂಯ್ ಸದ್ದು ಉಳಿದಿದೆಯಂತೆ, ಸೋಮವಾರದೊಳಗೆ ತೆಗೆದು ಕಳಿಸಬೇಕಂತೆ. ನನ್ನ ಹಳೆಯ ಹೆಡ್‌ಫೋನಿನಲ್ಲಿ ಆ ಗುಂಯ್ ಕೇಳಿಸುವುದೇ ಇಲ್ಲ. ಕೇಳಿಸದ್ದನ್ನು ತೆಗೆಯುವುದು ಹೇಗೆ? ಅಪ್ಪನನ್ನು ಹೊರಡಿಸಿಕೊಂಡು ಗದ್ವಾಲದಲ್ಲಿ ಹೆಡ್‌ಫೋನು ಮಾರುವ ಸಾಯಿನಾಥನ ಅಂಗಡಿಗೆ ಹೋದೆ.

ಸಾಯಿನಾಥ ಮೂರು ಹೆಡ್‌ಫೋನು ಇಟ್ಟ. ಎರಡು ಸಾವಿರದ್ದು, ಒಂಬತ್ತು ಸಾವಿರದ್ದು, ಮೂವತ್ತು ಸಾವಿರದ್ದು.

"ಮೂವತ್ತು ಸಾವಿರಾ? ಇದರಾಗ ಬಂಗಾರದ ಜರಿ ಐತೇನಪಾ?" ಎಂದ ಅಪ್ಪ. "ಡಬ್ಬಿ ದೊಡ್ಡದು, ಬೆಲಿ ದೊಡ್ಡದು. ಒಳಗ ಎಲ್ಲಾ ಒಂದ ಮಾಲು."

"ಮೊದಲ ಅಕ್ಕ ಕೇಳ್ಲಿ ಸಾವ್ಕಾರ್ರೇ, ಆಮ್ಯಾಲ ಮಾತಾಡ್ರಿ" ಎಂದು ಸಾಯಿನಾಥ ನನ್ನ ಫೋನಿನಲ್ಲಿ ಅದೇ ಹಾಡು ಹಚ್ಚಿ, ಒಂದೊಂದೇ ಹೆಡ್‌ಫೋನು ನನ್ನ ಕಿವಿಗೆ ಹಾಕತೊಡಗಿದ. ಅಪ್ಪನ ಕಣ್ಣು ಅವನ ಹೆಬ್ಬೆರಳ ಮೇಲೆಯೇ ಇತ್ತು.

"ತಮ್ಮಾ, ದುಬಾರಿದು ಹಾಕೂಮುಂದ ಸೌಂಡ್ ಯಾಕ ಏರಿಸಿದಿ?"

"ಅರೆ, ಕೈ ತಪ್ಪಿತ್ರಿ" ಎಂದು ಸಾಯಿನಾಥ ಹಲ್ಲು ಕಿರಿದ.

ಅಪ್ಪ ಫೋನು ಕಸಿದುಕೊಂಡ. "ಇವನ ಆಟ ಸಾಕು. ಶಿವಗಂಗಾ, ಕುಂದ್ರು."

ಕಿವಿಗೆ ತಗುಲಿ ಗುರುತು ಸಿಗಬಾರದೆಂದು ನನ್ನ ಕಣ್ಣು, ಕಿವಿ ಎಲ್ಲ ಸೇರಿಸಿ ತೆಳ್ಳನೆಯ ವಲ್ಲಿ ಸುತ್ತಿದ. ತೂಕದಿಂದಲೂ ಗೊತ್ತಾಗಬಾರದೆಂದು ಹೆಡ್‌ಫೋನನ್ನು ತಾನೇ ಎರಡು ಕೈಯಿಂದ ಎತ್ತಿ ಹಿಡಿದ. "ಯಾವುದು ಚಲೋ ಕೇಳಿಸ್ತೈತೋ ಹೇಳವ್ವಾ, ಅದನ್ನ ಒಯ್ಯೂಣು" ಎಂದ. ಅಪ್ಪ ಇಷ್ಟು ಮೆತ್ತಗೆ ಮಾತಾಡಿದಾಗಲೇ ಎದುರಿನವರು ಮುಳುಗುವುದು. ನಾನು ಮೈಯೆಲ್ಲ ಎಚ್ಚರವಾಗಿ ಕುಳಿತೆ.

ಮೊದಲನೆಯದರಲ್ಲಿ ಊಟ್ಕೂರಿನ ಹೆಂಗಸರ ದನಿ ಶೇರ್ ಆಟೋದಲ್ಲಿ ಕೂತಂತೆ ಒಂದರ ಮೇಲೊಂದು ಬಿದ್ದಿತ್ತು. ಎರಡನೆಯದರಲ್ಲಿ ತಾಳ ಬೇರೆಯಾಗಿ ಕೇಳಿಸಿತು. ಮೂರನೆಯದರಲ್ಲಿ, ಹಾಡಿನ ತಳದಲ್ಲಿ, ಸಣ್ಣಗೆ ಗುಂಯ್ ಎಂದಿತು. ನನಗೆ ಬೇಕಾಗಿದ್ದೇ ಅದು. ಖುಷಿಯಿಂದ ಬಾಯಿ ತೆರೆದವಳು ತಡೆದುಕೊಂಡೆ. ಸೀರೆ ಮುಟ್ಟಿ ಸಾದಾ, ಖಾಸಾ ಎನ್ನುವವರಿಗೂ ಬೆರಳಿಗೆ ಹೀಗೇ ಅನ್ನಿಸಿರುತ್ತದೆಯಲ್ಲವೇ? ಬೇಕು ಬೇಕು ಎಂದುಕೊಂಡಿದ್ದಕ್ಕೆ ಗುಂಯ್ ಕೇಳಿಸಿರಬೇಕು. ಎಲಾ ಅಪ್ಪಾ, ನನಗೇ ಬಲೆ ಹಾಕುತ್ತೀಯಾ?

"ಮೂರೂ ಒಂದಪ್ಪಾ" ಎಂದೆ, ಗೆದ್ದ ದನಿಯಲ್ಲಿ. "ಒಂದನ್ನ ಮೂರು ಸಲ ಹಾಕೀದಿ. ನಿನ್ನಾಟ ನನ್ನ ಹತ್ರ ನಡಿಯಂಗಿಲ್ಲ."

ನಾನೇ ವಲ್ಲಿ ಸರಿಸಿದೆ. ಅಪ್ಪನ ಕೈಯಲ್ಲಿ ಮೂವತ್ತು ಸಾವಿರದ್ದು ಇತ್ತು. ಉಳಿದೆರಡು ಮೇಜಿನ ಮೇಲೆ.

"ಅಕ್ಕಾ, ಮೂರೂ ಬ್ಯಾರೆ ಬ್ಯಾರೇನ ಹಾಕಿದ್ರು" ಎಂದ ಸಾಯಿನಾಥ.

"ಊರಾಗಿನವರ ಜೋಡಿ ಆಡೋ ಆಟ ಮಗಳ ಜೋಡಿ ಆಡ್ತೀನಿ ಅಂದ್ಕೊಂಡೀ?" ಎಂದ ಅಪ್ಪ. ಹೆಡ್‌ಫೋನನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ. "ಎಲ್ಲಾ ಒಂದ ಆದ್ರ ಹಳೇದ ಸಾಕಲ್ಲ. ನಡಿ."

ನನಗೆ ಅಪ್ಪನ ಮೇಲೆ ಈಗಲೂ ಸಿಟ್ಟಿದೆ. ಹುಟ್ಟಿದಾಗಿನಿಂದ ಕಂಡವರಿಗೆಲ್ಲ ಟೋಪಿ ಹಾಕಿದವನಿಗೆ, ಅವತ್ತೇ ಪ್ರಾಮಾಣಿಕನಾಗು ಎಂದು ಯಾರು ಹೇಳಿದ್ದರು? ಸಾಯಿನಾಥನ ಎದುರು ಮಾತು ತಿರುಗಿಸಲು ನಾಚಿಕೆಯಾಗಿ ಬರಿಗೈಯಲ್ಲಿ ಬಸ್ಸು ಹತ್ತಿದೆ.

ಬಸ್ಸು ಜೂರಾಲ ಅಣೆಕಟ್ಟು ದಾಟಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಮಕ್ತಲ್ ಹತ್ತಿರವಾದಾಗ ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಮೂರನೇದರಾಗ ಗುಂಯ್ ಅಂದಿದ್ದು ಕೇಳಿಸಿತ್ತು. ಖರೇನ ಕೇಳಿಸಿತ್ತು. ವಾಪಸ್ ಹೋಗೂಣು, ಇನ್ನೊಮ್ಮಿ ಕಟ್ಟಿ ನೋಡು."

"ಕಟ್ತೀನವ್ವಾ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಈ ಸಲ ನನ್ನ ಮ್ಯಾಲ ನಂಬಿಗಿ ಬರ್ತೈತೇನು?"

"ಬರ್ತೈತಿ" ಎಂದೆ ತಕ್ಷಣ.

ಅಪ್ಪ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದ. ರೇಷ್ಮೆ ತನಗೆ ಗೊತ್ತು ಎನ್ನುತ್ತ ಕಮಿಷನ್ ಕೇಳಲು ಬಂದವರನ್ನು ನೋಡುವ ಹಾಗೆ, ನನ್ನ ಮುಖವನ್ನು ಬಹಳ ಹೊತ್ತು ನೋಡಿದ.