ಮಾರಯ್ಯನ ಹಲಗೆಮನೆ

"ಜಗ್ಲಿ ಹತ್ಬೇಡ ಕಣೇ ಮುಂಡೆ. ಈಗಷ್ಟೇ ಶುದ್ಧ ಮಾಡ್ಸಿದೀವಿ. ಕೆಳಗೇ ನಿಂತ್ಕೊ."

ಎಸ್ಟೇಟಿನ ರೈಟರ್ ವಿಶ್ವನಾಥ್ ಗದರಿದಾಗ ಮರಿಯಮ್ಮ ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು. ಮದುವೆಯಾಗಿ ಬಂದಂದಿನಿಂದ ಹೋದ ಮಳೆಗಾಲದವರೆಗೆ ಅವಳು ಹತ್ತಿ ಇಳಿದ ಜಗಲಿ ಅದು. ಒಳಗೆ ಶುದ್ಧಿಗೆಂದು ಕರೆಸಿದ್ದ ಅಯ್ಯನವರು ಮೂಲೆಮೂಲೆಗೆ ಗಂಜಲ ಚಿಮುಕಿಸುತ್ತಿದ್ದರು. ಅವಳ ಒಲೆಯ ಹತ್ತಿರ ಬಂದಾಗ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡರು, ಕೇರಿಯವರ ಒಲೆಯ ಬೂದಿ ಎದ್ದುಬಂದು ಕಾಲು ಹಿಡಿಯುತ್ತದೆ ಎಂಬಂತೆ.

ಮನೆ ಕಟ್ಟಿದವನು ಅವಳ ಗಂಡ ಮಾರಯ್ಯ. ಜಾವಳಿ ಕಡೆಯ ಈ ಎಸ್ಟೇಟಿನಲ್ಲಿ ಮರ ಕಡಿದು ಕೊಯ್ಯುವ ಕೆಲಸ ಅವನದು. ಸಾಹುಕಾರ ಸೋಮಶೇಖರಪ್ಪನ ಬಂಗಲೆಯ ತೊಲೆ, ಬಾಗಿಲು, ಮಂಚ ಎಲ್ಲವೂ ಅವನ ಗರಗಸದಿಂದ ಬಂದವು. ಕೊಯ್ದು ಬಿಸಾಡಿದ ಸಿಪ್ಪೆ ಹಲಗೆಗಳು ಮಾತ್ರ ಅವನ ಪಾಲಿಗೆ. ಅವನ್ನೇ ಜೋಡಿಸಿ ಮನೆ ಎಬ್ಬಿಸಿದ. ಸೋರುತ್ತದೆ, ನಾಕು ಹೆಂಚು ಕೊಡಿ ಎಂದು ಕೇಳಲು ಹೋದರೆ, ಹಂದಿಗೂಡಿಗೆ ಯಾರಾದರೂ ಹೆಂಚು ಹೊದಿಸುತ್ತಾರೇನೋ ಎಂದು ಸೋಮಶೇಖರಪ್ಪ ನಕ್ಕು ಕಳಿಸಿದ್ದ.

ಸೋಮಶೇಖರಪ್ಪ ಸತ್ತ ಮೇಲೆ ಎಸ್ಟೇಟು ಮಗ ವೀರೇಂದ್ರನ ಕೈಗೆ ಬಂತು, ಹಂದಿಗೂಡಿಗೆ ಹೆರಿಟೇಜ್ ವ್ಯಾಲ್ಯೂ ಬಂತು. ಅದನ್ನು ಕಂಡವಳು ಗಗನಾ ಎಂಬ ಆರ್ಕಿಟೆಕ್ಟ್. ಹಲಗೆಗಳ ಮೇಲೆ ಕೈಯಾಡಿಸಿ, ಮರ ಕೊಯ್ಯುವವನ ಇಂಥ ಮನೆ ಈ ಕಡೆ ಇನ್ನೊಂದು ಉಳಿದಿಲ್ಲ, ಒಂದು ಮೊಳೆಯನ್ನೂ ಅಲುಗಿಸಬಾರದು ಎಂದಳು. ಮೊಳೆ ಅಲುಗಲಿಲ್ಲ. ಮರಿಯಮ್ಮನ ಪಾತ್ರೆ, ಚಾಪೆ, ಕಂಬಳಿಗಳು ಕಾಫಿ ಕಣದ ಹಿಂದಿನ ಶೀಟಿನ ಕೋಣೆಗೆ ಹೋಗಿ ಬಿದ್ದವು. ಆಮೇಲೆ ವೀರೇಂದ್ರ ಮನೆಗೆ ಹೆಂಚು ಹೊದಿಸಿದ, ಕರೆಂಟು ಎಳೆಸಿದ, ಕಮೋಡು ಕೂರಿಸಿದ.

ಇವತ್ತು ಹೋಂಸ್ಟೇಗೆ ಮೊದಲ ಅತಿಥಿಗಳು ಬರುವವರಿದ್ದರು. ಮರಿಯಮ್ಮ ಏನು ಮಾಡಬೇಕೆಂದು ವೀರೇಂದ್ರ ಬೆಳಿಗ್ಗೆಯೇ ಹೇಳಿಸಿದ್ದ. ಬಿಸಿಲಿದ್ದರೂ ಮಳೆಗೆ ಹೊದೆಯುವ ಎಲೆಯ ಗೊರಬು ಹೊದ್ದು ಅಂಗಳದಲ್ಲಿ ನಿಲ್ಲಬೇಕು. ಫೋಟೋ ಎಂದರೆ ನಗಬೇಕು. ಬಾಯಿ ಬಿಟ್ಟರೆ ಶೀಟಿನ ಕೋಣೆಯೂ ಇಲ್ಲ.

ಗಗನಾಳ ಜೊತೆ ಕಾರಿನಿಂದ ಗಂಡ ಹೆಂಡತಿ ಇಳಿದರು. ಹೆಂಡತಿ ಮರಿಯಮ್ಮನ ಹೆಗಲಿಗೆ ಹೆಗಲು ತಾಗಿಸಿ ಸೆಲ್ಫಿ ತೆಗೆದುಕೊಂಡು, ಕೂಡಲೇ ಕೈಗೆ ಸ್ಯಾನಿಟೈಸರ್ ಉಜ್ಜಿಕೊಂಡಳು. ವೀರೇಂದ್ರ ಜಗಲಿಯ ಮೇಲೆ ನಿಂತು ಕತೆ ಶುರು ಮಾಡಿದ. ಮಾರಯ್ಯ ಕೆಲಸದವನಲ್ಲವಂತೆ, ಮನೆಮಗನಂತೆ. ಅವನ ಮೇಲೆ ದಿಮ್ಮಿ ಉರುಳಿದ ದಿನ ಬಂಗಲೆಯಲ್ಲಿ ಯಾರೂ ಉಣ್ಣಲಿಲ್ಲವಂತೆ.

"ನಮ್ಮಪ್ಪ ತಾವೇ ಜೀಪಲ್ಲಿ ಹಾಕ್ಕೊಂಡು ಮೂಡಿಗೆರೆಗೆ ಓಡಿದ್ರು ಸಾರ್. ದಾರೀಲಿ ನಮ್ಮಪ್ಪನ ತೊಡೆ ಮೇಲೇ ಪ್ರಾಣ ಬಿಟ್ಟ."

ಅವತ್ತು ಜೀಪು ಬಂಗಲೆಯ ಮುಂದೆಯೇ ನಿಂತಿತ್ತು. ಸೀಟಿಗೆ ರಕ್ತವಾಗುತ್ತದೆ, ಸಂಜೆ ಗೋಣಿಬೀಡಿಗೆ ಮದುವೆಗೆ ಹೋಗಬೇಕು ಎಂದಿದ್ದ ಸೋಮಶೇಖರಪ್ಪ. ಮಾರಯ್ಯ ಯಾರ ತೊಡೆಯ ಮೇಲೆ ಸತ್ತನೆಂಬುದು ಮರಿಯಮ್ಮನ ತೊಡೆಗೆ ಗೊತ್ತಿತ್ತು.

ಅವಳು ಗೊರಬನ್ನು ಕಿತ್ತು ನೆಲಕ್ಕೆ ಹಾಕಿ ಜಗಲಿ ಹತ್ತಿದಳು. ವಿಶ್ವನಾಥ್ ಅಡ್ಡ ಬಂದು ಕೈ ಚಾಚಿದ.

"ಮುಟ್ಟು ನೋಡಾಣ," ಎಂದಳು. "ಮುಟ್ಟಿದ್ರೆ ನಿಂಗೂ ಗಂಜ್ಲ ಹುಯ್ಬೇಕಾಗ್ತದೆ."

ಕೈ ತಾನಾಗಿ ಹಿಂದೆ ಸರಿಯಿತು. ಅತಿಥಿಗಳ ಮುಖ ನೋಡಲಾಗದೆ ವೀರೇಂದ್ರ ಹಲ್ಲು ಕಚ್ಚಿಕೊಂಡು, ಕೆಳಗಿಳಿ ಎಂದ. ಅಪ್ಪನಿಗೂ ಮಗನಿಗೂ ತಲೆ ತಗ್ಗಿಸಿಯೇ ಮಾತಾಡುತ್ತಿದ್ದ ಮರಿಯಮ್ಮ ಈಗ ಅವನ ಕಣ್ಣಲ್ಲೇ ಕಣ್ಣಿಟ್ಟಳು.

"ನಿಮ್ಮಪ್ಪ ಜೀಪಿನ ಸೀಟು ಕಾಯ್ಕಂಡ. ನೀನು ನನ್ ಗಂಡನ ಹೆಣ ಮಾರ್ಕಂಡು ತಿಂತಿದೀಯ. ಥೂ ನಿನ್ ಜನ್ಮಕ್ಕೆ."

ಎಲೆಯಡಿಕೆಯ ಕೆಂಪು ಅವನ ಬಿಳಿ ಶೂಗಳ ಮುಂದೆ ಬಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿ ಅಗಳಿ ಜಡಿದಳು.

"ಹಾರೆ ತಗೊಂಡು ಬಾಗ್ಲು ಮುರೀರೋ, ಸೂಳೇಮಕ್ಳಾ," ಎಂದು ವೀರೇಂದ್ರ ಕೂಗಿಕೊಂಡ. ತೋಟದಿಂದ ಇಬ್ಬರು ಆಳುಗಳು ಹಾರೆ ಹಿಡಿದು ಓಡಿಬಂದರು. ಗಗನಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಸರ್, ಪ್ಲೀಸ್, ಈ ಬಾಗ್ಲು ಒರಿಜಿನಲ್ಲು. ಇದು ಹೋದ್ರೆ ಮನೆಗೆ ವ್ಯಾಲ್ಯೂನೇ ಇರಲ್ಲ."

ಆಳುಗಳು ಮುಖ ಮುಖ ನೋಡಿಕೊಂಡರು. ಒಬ್ಬ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ವೀರೇಂದ್ರ ಅವರ ಕೈಯಿಂದ ಹಾರೆ ಕಿತ್ತುಕೊಂಡ, ಆದರೆ ಎತ್ತಲಿಲ್ಲ. ಒಳಗೆ ಅತಿಥಿಗಳಿಗೆಂದು ತರಿಸಿದ್ದ ಬೆತ್ತದ ಕುರ್ಚಿ ಲಟಲಟನೆ ಮುರಿಯುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೆಂಚಿನ ಸಂದಿಯಿಂದ ಒಲೆಯ ಹೊಗೆ ಏಳತೊಡಗಿತು.